ಕಳಿಸುವ ಮನೆ, ಕರೆಯುವ ಮನೆ

ಸ್ಥಾವರ, ಜಂಗಮ ಎಂಬ ಎರಡು ಮಾತುಗಳು ನಮ್ಮ ಮನೆಗಳಲ್ಲಿ ಎಳೆಯ ಮಕ್ಕಳ ಕಿವಿಗೂ ಬಿದ್ದಿರುತ್ತವೆ. ನಿಂತದ್ದು ಸ್ಥಾವರ, ಚಲಿಸುವುದು ಜಂಗಮ. ಹನ್ನೆರಡನೆಯ ಶತಮಾನದ ಶರಣರು ಚಲಿಸುವುದಕ್ಕೆ ಹಿರಿದಾದ ಸ್ಥಾನವನ್ನಿತ್ತರು. ಬಾಗಿಲಿಗೆ ಬಂದ ಜಂಗಮನಿಗೆ ಉಣಬಡಿಸಿದ ನಂತರವೇ ತಾವು ಉಣ್ಣುವ ಮನೆತನಗಳು ಇಂದಿಗೂ ನಮ್ಮಲ್ಲಿವೆ. ಆದರೆ ಚಲಿಸುವ ಆಸೆ ನಮ್ಮದೇ ಮಗುವಿನಲ್ಲಿ ಹುಟ್ಟಿತೆಂದರೆ, ಅದರಲ್ಲಿಯೂ ಆ ಮಗು ಹೆಣ್ಣಾಗಿದ್ದರೆ, ಅದೇ ಮನೆಯಲ್ಲಿ ಆ ರಾತ್ರಿ ಯಾರಿಗೂ ನಿದ್ರೆ ಬರುವುದಿಲ್ಲ. ಈ ತಿಂಗಳು ಆ ನಿದ್ರೆಗೆಟ್ಟ ಮನೆಗಳನ್ನು ಕುರಿತು ನಾಲ್ಕು ಮಾತು ಬರೆಯಬೇಕೆಂದಿದ್ದೇವೆ.

ಕಳೆದ ವರ್ಷದ ಬೇಸಿಗೆಯಲ್ಲಿ ಹಾವೇರಿ ಕಡೆಯ ಒಂದು ಮನೆಗೆ ನಾವು ಹೋದಾಗ ಆ ಮನೆಯ ತಾಯಿ ತಮ್ಮ ಸಂಕಟವನ್ನು ನಮ್ಮ ಮುಂದಿಟ್ಟರು. “ಶಾಸ್ತ್ರಿಗಳ, ಮಗಳು ನಾಕ್ ವರ್ಷ ಮಣಿಪಾಲದಾಗ ಓದ್ಯಾಳ, ಖರೆ. ಆದರ ಅಲ್ಲಿ ಗೆಳತ್ಯಾರಿದ್ರು, ಹಾಸ್ಟೆಲ್ ಇತ್ತು. ಈಗ ಮುಂದಿನ ಓದಿಗೆ ಲಂಡನ್ನಿಗೆ ಒಬ್ಬಾಕಿನ ಹೊಂಟಾಳ. ಕೈಯಾಗ ರೊಕ್ಕಾನೂ ಕಡಿಮಿ. ಮೊದಲನೇ ದಿನ ಏನ್ ಮಾಡ್ತಾಳ್ರಿ?” ಎಂದರು. ಮನೆಯವರು ಸಾಲ ಮಾಡಿ ಶುಲ್ಕ ಕಟ್ಟಿದ್ದರು. ವಿಶ್ವವಿದ್ಯಾಲಯದ ಕೊಠಡಿ ಸಿಗುವುದು ವಿಮಾನದಿಂದ ಇಳಿದ ಮರುದಿನ. ಮೊದಲ ಹಗಲು, ಮೊದಲ ರಾತ್ರಿ ಆಕೆಯದೇ ಹೊಣೆ. ತಾಯಿಗೆ ಇಡೀ ಎರಡು ವರ್ಷದ ಚಿಂತೆಯಿರಲಿಲ್ಲ. ಆ ಒಂದು ದಿನದ ಚಿಂತೆಯಿತ್ತು.

ಈ ಭಯವನ್ನು ನಾವು ಹಗುರವಾಗಿ ಕಾಣಲಾರೆವು. ಲೋಕದಲ್ಲಿ ಕೇಡಿದೆ, ಅದು ಒಂಟಿಯಾದವರನ್ನು ಹುಡುಕುತ್ತದೆ ಎಂಬುದೂ ನಿಜ. ಆದರೆ ಆ ಮನೆಯ ಪಡಸಾಲೆಯ ಗೋಡೆಯ ಮೇಲೆ ಅಕ್ಕಮಹಾದೇವಿಯ ಚಿತ್ರಪಟವಿತ್ತು. ಶಿಕಾರಿಪುರದ ಸೀಮೆಯ ಉಡುತಡಿಯಲ್ಲಿ ಹುಟ್ಟಿದ ಆ ತಾಯಿ ಅರಮನೆಯನ್ನು ತೊರೆದು, ಜತೆಯಿಲ್ಲದೆ, ಹಣವಿಲ್ಲದೆ, ಕಲ್ಯಾಣಕ್ಕೆ ನಡೆದಳು. ಅಲ್ಲಿಂದ ಶ್ರೀಶೈಲಕ್ಕೆ ನಡೆದಳು. ನಮ್ಮ ಪರಂಪರೆಯಲ್ಲಿ ಒಂಟಿ ಪಯಣಕ್ಕೆ ಇದಕ್ಕಿಂತ ದೊಡ್ಡ ಮಾದರಿ ಬೇರೊಂದಿಲ್ಲ. ಅಕ್ಕನ ಪಟಕ್ಕೆ ದಿನವೂ ಹೂವೇರಿಸಿ, ಮಗಳು ಬಸ್ಸು ಹತ್ತುವಾಗ ಬಾಗಿಲಿಗೆ ಅಡ್ಡ ನಿಲ್ಲುವುದಾದರೆ ನಮ್ಮ ಪೂಜೆ ಎಲ್ಲಿಯೋ ತಪ್ಪಿದಂತೆ. ಹಾಗೆಂದು ಅಕ್ಕನ ಹೆಸರು ಹೇಳಿ ಇಪ್ಪತ್ತೆರಡರ ಹುಡುಗಿಯನ್ನು ಸಿದ್ಧತೆಯಿಲ್ಲದೆ ದೂಡುವುದೂ ಸಲ್ಲದು. ಸಿದ್ಧತೆ ಬೇಕು. ಅದು ಮನೆಯ ಹತ್ತಿರದಿಂದಲೇ ಆರಂಭವಾಗಬೇಕು.

ಆದುದರಿಂದ ನಾವು ಆ ಹುಡುಗಿಗೆ ಹೇಳಿದ್ದು ಇಷ್ಟು: “ತಂಗೀ, ಮಣಿಪಾಲವನ್ನು ಬಿಡುವ ಮುನ್ನ ಒಂದು ದಿನ ಉಡುಪಿ, ಕಾರ್ಕಳ, ಕಾಪುಗಳನ್ನು ಒಬ್ಬಳೇ ಸುತ್ತಿ ಬಾ. ಅದು ಪರದೇಶದ ಊರೆಂದೇ ತಿಳಿ. ಗೆಳತಿಯರು ಬೇಡ, ಆಟೋರಿಕ್ಷಾ ಬೇಡ. ಕೈಯಲ್ಲಿ ಇಂತಿಷ್ಟೇ ಹಣ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಮೂರೇ ಸಲ ಮನೆಗೆ ಫೋನು. ರಾತ್ರಿ ಎಂಟಕ್ಕೆ ಮೊದಲು ಕೊಠಡಿ ಸೇರಬೇಕು.” ತಾಯಿ ಒಲ್ಲದ ಮನಸ್ಸಿನಿಂದ ಒಪ್ಪಿದರು. ಆಕೆ ಸುತ್ತಿ ಬಂದು ಹೇಳಿದ್ದನ್ನು ಇತರ ಮನೆಗಳಿಗೂ ಉಪಯೋಗವಾದೀತೆಂದು ಇಲ್ಲಿ ಬರೆಯುತ್ತಿದ್ದೇವೆ.

ಮಣಿಪಾಲದಿಂದ ಉಡುಪಿಗೆ ಐದಾರು ಕಿಲೋಮೀಟರು. ಸಿಟಿ ಬಸ್ಸಿನಲ್ಲಿ ಹೋಗಿ ಇಳಿದು, ನಡೆದು ರಥಬೀದಿಗೆ ಹೋದಳಂತೆ. ಬೀದಿಯ ಸುತ್ತಲೂ ಅಷ್ಟಮಠಗಳು. ನಡುವೆ ಶಿವನ ಎರಡು ಹಳೆಯ ಆಲಯಗಳಾದ ಅನಂತೇಶ್ವರ, ಚಂದ್ರಮೌಳೀಶ್ವರ. ಆಕೆಯ ಮನಸ್ಸನ್ನು ಹಿಡಿದು ನಿಲ್ಲಿಸಿದ್ದು ಕನಕನ ಕಿಂಡಿ. ಕನಕದಾಸರು ಹುಟ್ಟಿದ ಬಾಡ ಗ್ರಾಮ ಇರುವುದು ಇವರದೇ ಹಾವೇರಿ ಜಿಲ್ಲೆಯಲ್ಲಿ. ಆ ಸೀಮೆಯಿಂದ ಘಟ್ಟವಿಳಿದು ಇಲ್ಲಿಯವರೆಗೆ ಬಂದ ಯಾತ್ರಿಕನಿಗೆ ಜಾತಿಯ ಕಾರಣದಿಂದ ಬಾಗಿಲು ತೆರೆಯಲಿಲ್ಲ, ಗೋಡೆ ಬಿರಿದು ದೇವರು ಅತ್ತ ತಿರುಗಿದ ಎಂಬುದು ಐತಿಹ್ಯ. ಈಗ ಎಲ್ಲರೂ ಮೊದಲು ಆ ಕಿಂಡಿಯಿಂದಲೇ ದರ್ಶನ ಪಡೆಯುತ್ತಾರೆ. “ನಮ್ಮೂರ ಕಡಿಯಿಂದ ಒಬ್ಬಾತ ಇಷ್ಟು ದೂರ ಬಂದು ಹೊರಗ ನಿಂತಿದ್ನಲ್ರಿ” ಎಂದು ಆಕೆ ನಮಗೆ ಹೇಳಿದಾಗ ನಾವು ಸುಮ್ಮನಾದೆವು. ಪಾಠಪುಸ್ತಕದಲ್ಲಿ ಓದಿದ ಕನಕರು ಅಂದು ಆಕೆಗೆ ಊರಿನವರಾದರು.

ಬೆಳಗಿನ ತಿಂಡಿ ಅಲ್ಲಿಯೇ ಒಂದು ಸಣ್ಣ ಹೊಟೇಲಿನಲ್ಲಿ. ಉಡುಪಿ ಹೊಟೇಲೆಂಬುದು ಒಂಟಿ ಮನುಷ್ಯನ ಅಡುಗೆಮನೆಯೆಂದು ನಾವು ಬಹಳ ಕಾಲದಿಂದ ತಿಳಿದಿದ್ದೇವೆ. ಊರು ಬಿಟ್ಟು ಮದರಾಸು, ಮುಂಬಯಿ, ಬೆಂಗಳೂರುಗಳಿಗೆ ದುಡಿಯಲು ಹೋದ ಜನಕ್ಕೆ ಸ್ವಲ್ಪ ಹಣದಲ್ಲಿ ಚೊಕ್ಕ ಸಸ್ಯಾಹಾರವನ್ನು ಕೊಟ್ಟವರು ಈ ಸೀಮೆಯವರು. ೧೯೨೪ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಮಾವಳ್ಳಿ ಟಿಫಿನ್ ರೂಮಿನ ಮೂಲಪುರುಷರೂ ಇದೇ ಕರಾವಳಿಯಿಂದ ಹೋದವರೇ. ಒಬ್ಬನೇ ಬಂದವನು ಸಂಕೋಚವಿಲ್ಲದೆ ಕುಳಿತು ಉಣ್ಣಬಹುದಾದ ಮೇಜು ಒಂದು ಊರಿನಲ್ಲಿದ್ದರೆ ಆ ಊರು ಅರ್ಧ ಪರಿಚಯವಾದಂತೆ.

ಹಣದ ವಿಷಯಕ್ಕೂ ಇದೇ ಊರು ಗುರು. ೧೯೨೫ರಲ್ಲಿ ಉಪೇಂದ್ರ ಅನಂತ ಪೈ, ಡಾ. ಟಿ. ಎಂ. ಎ. ಪೈ, ವಾಮನ ಕುಡ್ವ ಅವರು ಉಡುಪಿಯಲ್ಲಿ ಕಟ್ಟಿದ ಸಂಸ್ಥೆ ಮುಂದೆ ಸಿಂಡಿಕೇಟ್ ಬ್ಯಾಂಕಾಯಿತು. ೨೦೨೦ರ ಏಪ್ರಿಲ್ ೧ರಂದು ಅದು ಕೆನರಾ ಬ್ಯಾಂಕಿನಲ್ಲಿ ವಿಲೀನಗೊಂಡಿತು. ೧೯೨೮ರಲ್ಲಿ ಆ ಸಂಸ್ಥೆ ಪಿಗ್ಮಿ ಠೇವಣಿಯನ್ನು ಆರಂಭಿಸಿತು. ದಿನಕ್ಕೆ ಎರಡಾಣೆಯಷ್ಟು ಸಣ್ಣ ಹಣವನ್ನೂ ಮನೆಬಾಗಿಲಿಗೆ, ಅಂಗಡಿಬಾಗಿಲಿಗೆ ಹೋಗಿ ಸಂಗ್ರಹಿಸುವ ಕ್ರಮವದು. ಹಾವೇರಿಯ ಪೇಟೆಯಲ್ಲಿಯೂ ಪಿಗ್ಮಿ ಎಂದರೆ ಎಲ್ಲರಿಗೂ ಗೊತ್ತು. ಕಡಿಮೆ ಹಣದ ಪಯಣಿಗನಿಗೆ ಬೇಕಾದದ್ದು ಇದೇ ಬುದ್ಧಿ: ದಿನಕ್ಕೆ ಇಂತಿಷ್ಟೆಂದು ನಿಶ್ಚಯಿಸಿ, ಆ ದಿನದ ಹಣವನ್ನಷ್ಟೇ ಮುಂಗಿಸೆಯಲ್ಲಿಟ್ಟು, ಉಳಿದದ್ದನ್ನು ಬೇರೆ ಕಡೆ ಭದ್ರಪಡಿಸುವುದು.

ಉಡುಪಿಯ ಸರ್ವಿಸ್ ಬಸ್ ನಿಲ್ದಾಣದಿಂದ ಆಕೆ ಕಾರ್ಕಳದ ಬಸ್ಸು ಹಿಡಿದಳು. ಬಸ್ಸು ಮಣಿಪಾಲದ ಮೇಲೆಯೇ ಹಾಯ್ದು ಪರ್ಕಳ, ಹಿರಿಯಡ್ಕದ ದಾರಿಯಾಗಿ ಹೋಗುತ್ತದೆ. ಆ ಬಸ್ಸಿನಲ್ಲಿ ಆಕೆಗೊಂದು ಸಂಗತಿ ಹೊಳೆಯಿತಂತೆ. ನಾಲ್ಕು ವರ್ಷ ಈ ಗುಡ್ಡದ ಮೇಲಿದ್ದರೂ ಸುತ್ತಲಿನವರು ಆಡುವ ತುಳು ತನಗೆ ಹತ್ತು ಮಾತೂ ಬಾರದು! ೧೯೫೩ರಲ್ಲಿ ಡಾ. ಟಿ. ಎಂ. ಎ. ಪೈಯವರು ವೈದ್ಯಕೀಯ ಕಾಲೇಜನ್ನು ತೆರೆದ ಮೇಲೆ ಮಣಿಪಾಲ ವಿದ್ಯೆಯ ಊರಾಗಿ ಬೆಳೆಯಿತು. ದೇಶದ ಎಲ್ಲ ಮೂಲೆಗಳಿಂದ, ಹೊರದೇಶಗಳಿಂದ ಮಕ್ಕಳು ಅಲ್ಲಿಗೆ ಬರುತ್ತಾರೆ. ಇಂಗ್ಲಿಷು, ಹಿಂದಿಗಳಲ್ಲಿಯೇ ದಿನ ಸಾಗುತ್ತದೆ. ಗುಂಪಿನೊಳಗಿದ್ದವರಿಗೆ ಊರಿನ ಹಂಗು ಬೀಳುವುದಿಲ್ಲ. ಒಬ್ಬಳೇ ಆದಾಗ ಮಾತ್ರ ಪಕ್ಕದಲ್ಲಿ ಕುಳಿತವರನ್ನು ಕೇಳಲೇಬೇಕಾಗುತ್ತದೆ. ಮಠದಲ್ಲಿ ನಾವು ವಟುಗಳಾಗಿದ್ದಾಗ ಜೋಳಿಗೆ ಹಿಡಿದು ಮನೆಮನೆಗೆ ಹೋಗುವ ಕ್ರಮವಿತ್ತು. ಹಿಟ್ಟಿಗಾಗಿ ಮಾತ್ರ ನಮ್ಮನ್ನು ಕಳಿಸಲಿಲ್ಲ, ಕೇಳುವುದನ್ನು ಕಲಿಯಲೆಂದು ಕಳಿಸಿದರು ಎಂಬುದು ದೊಡ್ಡವರಾದ ಮೇಲೆ ತಿಳಿಯಿತು. ಕೇಳಬಲ್ಲವನಿಗೆ ಅಹಂಕಾರ ಒಂದು ತೂಕ ಕಡಿಮೆಯಾಗುತ್ತದೆ.

ಕಾರ್ಕಳದ ಬಂಡೆಗುಡ್ಡದ ಮೇಲೆ ನಿಂತ ಬಾಹುಬಲಿಯನ್ನು ಭೈರರಸ ವಂಶದ ವೀರಪಾಂಡ್ಯನು ೧೪೩೨ರಲ್ಲಿ ಪ್ರತಿಷ್ಠಾಪಿಸಿದನು. ಸುಮಾರು ೪೨ ಅಡಿ ಎತ್ತರದ ಏಕಶಿಲೆ. ಅಣ್ಣನನ್ನು ಗೆದ್ದು, ಗೆದ್ದ ರಾಜ್ಯವನ್ನು ಅವನಿಗೇ ಬಿಟ್ಟು, ಒಬ್ಬನೇ ನಿಂತ ತ್ಯಾಗಿಯ ಮೂರ್ತಿಯದು. ಬೇಸಿಗೆಯ ಬಿಸಿಲಿಗೆ ಕಾದ ಬಂಡೆಯ ಮೇಲೆ ಬರಿಗಾಲಿನಲ್ಲಿ ಓಡೋಡಿ ನೆರಳು ಸೇರಿದೆನೆಂದು ಹುಡುಗಿ ನಕ್ಕಳು. ಆ ಗುಡ್ಡದ ಮೇಲಿಂದ ನೋಡಿದರೆ ಇನ್ನೊಂದು ದಿಬ್ಬದ ಮೇಲೆ ಚತುರ್ಮುಖ ಬಸದಿ. ೧೫೮೬ರಲ್ಲಿ ಇಮ್ಮಡಿ ಭೈರರಸನು ಕಟ್ಟಿಸಿದ್ದು. ನಾಲ್ಕು ದಿಕ್ಕಿಗೂ ಒಂದೇ ತೆರನಾದ ಬಾಗಿಲು. ಯಾವ ದಿಕ್ಕಿನಿಂದ ಬಂದವನಿಗೂ ಅದು ಮುಂಬಾಗಿಲೇ. ಹಿತ್ತಲ ಬಾಗಿಲೆಂಬುದು ಆ ಕಟ್ಟಡಕ್ಕೆ ಇಲ್ಲ. ಬೆಳಿಗ್ಗೆ ಕಿಂಡಿಯನ್ನು ಕಂಡ ಕಣ್ಣಿಗೆ ಮಧ್ಯಾಹ್ನ ನಾಲ್ಕು ಬಾಗಿಲುಗಳು ಕಂಡವು.

ಗುಡ್ಡವಿಳಿದು ಬರುವಾಗ ಬೊಂಡ ಮಾರುತ್ತಿದ್ದ ಮುದುಕಿಯೊಬ್ಬರು ಆಕೆಯ ಕೆಂಪೇರಿದ ಮುಖವನ್ನು ನೋಡಿ, “ವಣಸ್ ಆಂಡಾ?” ಎಂದರಂತೆ. ಅರ್ಥವಾಗಲಿಲ್ಲ. ಪಕ್ಕದವರು ತಿಳಿಸಿದರು: ಊಟವಾಯಿತೇ ಎಂದು ಕೇಳುತ್ತಿದ್ದಾರೆ! ಹಾವೇರಿಯ ಮನೆಯಲ್ಲಿ ಹೊಸಿಲು ದಾಟಿದವರನ್ನು ಮೊದಲು ಕೇಳುವುದೂ ಇದನ್ನೇ. ಮುದುಕಿ ಬೊಂಡದ ದುಡ್ಡು ತೆಗೆದುಕೊಂಡರು, ಊಟದ ಹೊಟೇಲಿನ ದಾರಿಯನ್ನು ಬಿಟ್ಟಿಯಾಗಿ ತೋರಿಸಿದರು. ಆಕೆ ಅಂದು ಕಲಿತ ತುಳು ಅದೊಂದೇ ವಾಕ್ಯ. ಮೊದಲ ದಿನಕ್ಕೆ ಅಷ್ಟು ಸಾಕು.

ಅಲ್ಲಿಂದ ನಿಟ್ಟೆ, ಬೆಳ್ಮಣ್ಣಿನ ದಾರಿಯಾಗಿ ಪಡುಬಿದ್ರಿ. ಪಡುಬಿದ್ರಿಯಿಂದ ಹೆದ್ದಾರಿಯ ಬಸ್ಸಿನಲ್ಲಿ ಕಾಪು. ಪೇಟೆಯಲ್ಲಿಳಿದು ಕಡಲತ್ತ ನಡೆದಳು. ಕಡಲಂಚಿನ ಬಂಡೆಯ ಮೇಲೆ ೧೯೦೧ರಲ್ಲಿ ಕಟ್ಟಿದ ದೀಪಸ್ತಂಭವಿದೆ. ಎತ್ತರ ಸುಮಾರು ೨೭ ಮೀಟರು. ಸಂಜೆಯ ಹೊತ್ತು ಸಣ್ಣ ಶುಲ್ಕಕ್ಕೆ ಮೇಲೆ ಹತ್ತಗೊಡುತ್ತಾರೆ. ಹುಡುಗಿ ಹತ್ತಿ ಇಳಿದು, ನೀರಿಗಿಳಿಯದೆ ಮರಳಿನ ಮೇಲೆ ಕುಳಿತು ಮನೆಗೆ ಆ ದಿನದ ಮೂರನೆಯ ಫೋನು ಮಾಡಿದಳು. ದೀಪಸ್ತಂಭದ ಧರ್ಮವೂ ಒಂದು ಬಗೆಯ ದಾಸೋಹವೇ. ಯಾವ ದೋಣಿ, ಯಾರ ದೋಣಿ ಎಂದು ಅದು ವಿಚಾರಿಸುವುದಿಲ್ಲ. ಕತ್ತಲಲ್ಲಿ ಬರುವವರಿಗೆ ದಡವೆಲ್ಲಿ, ಬಂಡೆಯೆಲ್ಲಿ ಎಂದು ತಿಳಿಸುತ್ತದೆ. ಆಕೆ ಏಳೂವರೆಗೆ ಮಣಿಪಾಲದ ಕೊಠಡಿಯಲ್ಲಿದ್ದಳು. ಮುಂಗಿಸೆಯಲ್ಲಿ ಆ ದಿನದ ಹಣ ಇನ್ನೂ ಸ್ವಲ್ಪ ಉಳಿದಿತ್ತು.

ಕಡಿಮೆ ಹಣವೆಂದರೆ ಕಡಿಮೆ ನೋಟವೆಂದು ಯಾರೂ ಭಾವಿಸಬಾರದು. ಈ ಕರಾವಳಿಯನ್ನು ಕೆಳದಿಯ ವೀರಶೈವ ಅರಸರು ಆಳುತ್ತಿದ್ದ ಕಾಲದಲ್ಲಿ ಯುರೋಪಿನವನೊಬ್ಬ ನಮ್ಮ ನಾಡನ್ನು ನೋಡಲು ಬಂದಿದ್ದನು. ರೋಮ್ ನಗರದ ಪಿಯೆತ್ರೋ ದೆಲ್ಲಾ ವಾಲ್ಲೆ. ೧೬೨೩ರ ನವೆಂಬರಿನಲ್ಲಿ ಪೋರ್ಚುಗೀಸರ ರಾಯಭಾರದ ಜತೆಯಲ್ಲಿ ಘಟ್ಟ ಹತ್ತಿ ವೆಂಕಟಪ್ಪ ನಾಯಕನ ಇಕ್ಕೇರಿಗೆ ಹೋದನು. ಅವನು ಹಣವಂತ, ಪಲ್ಲಕ್ಕಿ, ಪರಿವಾರ ಎಲ್ಲವನ್ನೂ ಕಂಡನು. ಆದರೆ ಅವನ ಪತ್ರಗಳಲ್ಲಿ ಇಂದಿಗೂ ಓದುಗರ ಮನಸ್ಸಿನಲ್ಲಿ ನಿಲ್ಲುವುದು ಕಾಸಿನ ಖರ್ಚಿಲ್ಲದ ಒಂದು ನೋಟ. ಗುಡಿಯೊಂದರ ಜಗಲಿಯಲ್ಲಿ ಕೆಲವು ಬಾಲಕರು ನೆಲದ ಮೇಲೆ ನುಣ್ಣನೆಯ ಮರಳು ಹರಡಿ, ಬೆರಳಿನಿಂದ ಅಂಕಿ ಬರೆಯುತ್ತ, ರಾಗವಾಗಿ ಲೆಕ್ಕ ಕಲಿಯುತ್ತಿದ್ದರು. ಕಾಗದ ವ್ಯಯವಾಗದಿರಲೆಂದು ಹೀಗೆ ಬರೆಯುವುದಾಗಿ ಅವನು ತಿಳಿದುಕೊಂಡನು. ಅವಸರವಿಲ್ಲದೆ ನಿಂತು ಕೇಳಿದ್ದರಿಂದ ಅವನಿಗೆ ಅದು ದಕ್ಕಿತು.

ಇನ್ನು ಲಂಡನ್ನಿನ ಮೊದಲ ದಿನ. ಸೆಪ್ಟೆಂಬರಿನ ಒಂದು ಬೆಳಿಗ್ಗೆ ಹುಡುಗಿ ಅಲ್ಲಿ ಇಳಿದಳು. ಹಗಲಿನಲ್ಲಿ ತಲುಪುವ ವಿಮಾನವನ್ನೇ ಆರಿಸಿಕೊಂಡಿದ್ದಳು. ಮೊದಲ ರಾತ್ರಿಗೆ ಯೂತ್ ಹಾಸ್ಟೆಲಿನಲ್ಲಿ ಒಂದು ಮಂಚವನ್ನು ಮೊದಲೇ ಕಾದಿರಿಸಿದ್ದಳು. ನೆಲದೊಳಗಿನ ರೈಲಿನಲ್ಲಿ ಊರಿನ ನಡುವೆ ಬಂದು, ಪೆಟ್ಟಿಗೆಯನ್ನು ಹಾಸ್ಟೆಲಿನಲ್ಲಿಟ್ಟು, ಪಾಸ್‌ಪೋರ್ಟಿನ ಪ್ರತಿಯನ್ನು ಬೇರೆಯಾಗಿರಿಸಿಕೊಂಡು, ನೀರಿನ ಬಾಟಲಿ ತುಂಬಿಕೊಂಡು ಹೊರಟಳು. ಚೀಲದಲ್ಲಿ ತಾಯಿ ಕಟ್ಟಿದ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ. ಅಂದು ನೋಡಿದ್ದು ಎರಡೇ ಸ್ಥಳ, ಎರಡಕ್ಕೂ ಹಣವಿಲ್ಲ. ಮೊದಲನೆಯದು ಬ್ರಿಟಿಷ್ ಮ್ಯೂಸಿಯಂ. ೧೭೫೩ರಲ್ಲಿ ಸ್ಥಾಪನೆಯಾದ ಆ ಸಂಗ್ರಹಾಲಯಕ್ಕೆ ಇಂದಿಗೂ ಪ್ರವೇಶ ಶುಲ್ಕವಿಲ್ಲ. ಎರಡನೆಯದಕ್ಕೆ ದಾರಿ ಕೇಳುತ್ತ, ಸೇತುವೆ ದಾಟುತ್ತ ನಡೆದಳು. ಥೇಮ್ಸ್ ನದಿಯ ದಂಡೆಯ ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನಲ್ಲಿ, ನದಿಯಾಚೆಯ ಪಾರ್ಲಿಮೆಂಟ್ ಭವನಕ್ಕೆ ಎದುರಾಗಿ, ಬಸವಣ್ಣನವರ ಪ್ರತಿಮೆಯಿದೆ. ಲ್ಯಾಂಬೆತ್ ಬಸವೇಶ್ವರ ಫೌಂಡೇಶನ್ನಿನ ಪ್ರಯತ್ನದಿಂದ ಸ್ಥಾಪಿತವಾದ ಅದನ್ನು ೨೦೧೫ರ ನವೆಂಬರ್ ೧೪ರಂದು ಪ್ರಧಾನಿ ನರೇಂದ್ರ ಮೋದಿಯವರು ಅನಾವರಣಗೊಳಿಸಿದರು. ಅಲ್ಲಿಯೇ ಒಂದು ಬೆಂಚಿನ ಮೇಲೆ ಕುಳಿತು ಹುಡುಗಿ ರೊಟ್ಟಿ ತಿಂದಳು. ಸಂಜೆ ಆರಕ್ಕೆ ಫೋನು ಮಾಡಿದಾಗ ಹಾವೇರಿಯಲ್ಲಿ ರಾತ್ರಿ ಹತ್ತೂವರೆ. ತಾಯಿ ಕೇಳಿದ ಮೊದಲ ಮಾತು, “ಉಂಡೇನವ್ವಾ?” ಮಗಳು ಅತ್ತ ನಗುತ್ತಿದ್ದಳಂತೆ, ಏಕೆಂದು ತಾಯಿಗೆ ತಿಳಿಯಲಿಲ್ಲ, ನಮಗೆ ತಿಳಿಯಿತು.

ಹೊರಡುವ ಮಕ್ಕಳಿಗೆ ನಾವು ಹೇಳುವುದು ಇಷ್ಟೇ. ಬೆಳಕಿರುವಾಗ ಊರು ಸೇರಿ. ಮೊದಲ ರಾತ್ರಿಯ ಆಸರೆಯನ್ನು ಹೊರಡುವ ಮುನ್ನವೇ ಗೊತ್ತುಮಾಡಿಕೊಳ್ಳಿ. ಹಣವನ್ನು ಎರಡು ಕಡೆ ಇಡಿ. ನೋಡುವುದನ್ನು ಎರಡಕ್ಕೆ ಮಿತಗೊಳಿಸಿ, ನಡೆಯುವುದನ್ನು ಹೆಚ್ಚಿಸಿ. ಆ ನಾಡಿನ ಭಾಷೆಯಲ್ಲಿ ಕೃತಜ್ಞತೆಯ ಮಾತೊಂದನ್ನು ಕಲಿತು ಹೋಗಿ. ಅಪಾಯದ ವೇಳೆಗೆ ೧೧೨ ಎಂಬ ಸಂಖ್ಯೆ ನಮ್ಮ ದೇಶದಲ್ಲಿಯೂ ಯುರೋಪಿನಲ್ಲಿಯೂ ಒಂದೇ, ಅದನ್ನು ನೆನಪಿಡಿ. ಮನಸ್ಸಿಗೆ ಸರಿಯೆನಿಸದ ಜಾಗದಿಂದ, ಸರಿಯೆನಿಸದ ಜನರಿಂದ ಕಾರಣ ಹೇಳದೆ ಎದ್ದು ಬನ್ನಿ, ಅದು ಅವಿನಯವಲ್ಲ. ಮನೆಯಲ್ಲಿರುವ ಹಿರಿಯರಿಗೂ ಒಂದು ಮಾತು: ಗೊತ್ತಾದ ಹೊತ್ತಿಗೆ ಫೋನು ಬಂದರೆ ತೃಪ್ತರಾಗಿರಿ. ಗಳಿಗೆಗೊಮ್ಮೆ ಕರೆದರೆ ಮಗು ದಾರಿಯನ್ನು ನೋಡುವುದಿಲ್ಲ, ನಿಮ್ಮ ಭಯವನ್ನೇ ನೋಡುತ್ತದೆ.

ಇಲ್ಲಿಗೆ ಕಳಿಸುವ ಮನೆಯ ಮಾತಾಯಿತು. ಕರೆಯುವ ಮನೆಯ ಮಾತು ಉಳಿದಿದೆ. ಆ ಹುಡುಗಿ ಮಲಗಿದ ಯೂತ್ ಹಾಸ್ಟೆಲ್ ಎಂಬ ವ್ಯವಸ್ಥೆ ಹುಟ್ಟಿದ್ದು ಜರ್ಮನಿಯಲ್ಲಿ, ರಿಚರ್ಡ್ ಶಿರ್ಮನ್ ಎಂಬ ಶಾಲಾ ಮಾಸ್ತರರಿಂದ. ೧೯೦೯ರ ಆಗಸ್ಟಿನಲ್ಲಿ ಅವರು ಮಕ್ಕಳನ್ನು ಕಾಲ್ನಡಿಗೆಯ ಪ್ರವಾಸಕ್ಕೆ ಕರೆದೊಯ್ದಾಗ ಗುಡುಗು ಮಳೆ ಹಿಡಿಯಿತು. ಹಳ್ಳಿಯ ಶಾಲೆಯೊಂದರಲ್ಲಿ ಹುಲ್ಲು ಹಾಸಿಕೊಂಡು ಮಕ್ಕಳು ಮಲಗಿದರು. ಮಾಸ್ತರರಿಗೆ ನಿದ್ರೆ ಬರಲಿಲ್ಲ. ರಜೆಯಲ್ಲಿ ಬರಿದಾಗಿ ಬಿದ್ದಿರುವ ಶಾಲೆಗಳ ಬಾಗಿಲನ್ನು ಪಯಣಿಸುವ ಮಕ್ಕಳಿಗೆ ಏಕೆ ತೆರೆಯಬಾರದು ಎಂದು ಆ ರಾತ್ರಿ ಯೋಚಿಸಿದರು. ೧೯೧೨ರಲ್ಲಿ ಆಲ್ಟೆನಾ ಊರಿನ ಕೋಟೆಯಲ್ಲಿ ಅವರ ಹಾಸ್ಟೆಲ್ ಆರಂಭವಾಯಿತು. ಇಂದು ಅದು ಹಲವು ದೇಶಗಳಿಗೆ ಹಬ್ಬಿದೆ.

ಇದನ್ನು ಓದುವಾಗ ನಮ್ಮ ಮಠಗಳ ಪ್ರಸಾದ ನಿಲಯಗಳು ನೆನಪಾಗದೆ ಇರವು. ತುಮಕೂರಿನ ಸಿದ್ಧಗಂಗೆಯಂತಹ ಕ್ಷೇತ್ರಗಳಲ್ಲಿ ಸಾವಿರಾರು ಮಕ್ಕಳು ಜಾತಿ ಕೇಳದ ಅನ್ನವನ್ನುಂಡು ಓದಿದ್ದಾರೆ. ಆದರೆ ಒಂದು ರಾತ್ರಿಗೆ ಮಾತ್ರ ಬರುವ ಅಪರಿಚಿತ ಮಗುವಿಗೆ ನಮ್ಮ ಊರುಗಳಲ್ಲಿ ಏನಿದೆ? ಸರ್ಕಾರಿ ಹುದ್ದೆಯ ಪರೀಕ್ಷೆಗೆಂದು ದೂರದ ಹಳ್ಳಿಗಳಿಂದ ಬಂದ ಹುಡುಗ ಹುಡುಗಿಯರು ಬಸ್ ನಿಲ್ದಾಣದ ಕಲ್ಲುಹಾಸಿನ ಮೇಲೆ ಪತ್ರಿಕೆ ಹಾಸಿಕೊಂಡು ರಾತ್ರಿ ಕಳೆಯುವುದನ್ನು ನಾವು ಕಂಡಿದ್ದೇವೆ. ಅಂತಹ ರಾತ್ರಿಗಳಲ್ಲಿಯೇ ನಮ್ಮ ಸಮಾಜದ ಕಲ್ಯಾಣ ಮಂಟಪಗಳು ಮದುವೆಯಿಲ್ಲವೆಂದು ಬೀಗ ಹಾಕಿಕೊಂಡಿರುತ್ತವೆ. ಹಿಂದಿನ ಮನೆಗಳಿಗೆ ಜಗಲಿಯಿತ್ತು. ಈಗಿನ ಮನೆಗಳಿಗೆ ಕಬ್ಬಿಣದ ಗೇಟಿದೆ. ಗೇಟು ತೆಗೆದುಬಿಡಿರೆಂದು ನಾವು ಹೇಳಲಾರೆವು. ಆದರೆ ಊರಿನಲ್ಲಿ ದೊಡ್ಡ ಪರೀಕ್ಷೆಯಿರುವ ಹಿಂದಿನ ರಾತ್ರಿ ಕಲ್ಯಾಣ ಮಂಟಪದ ಬಾಗಿಲು ತೆರೆಯಬಹುದು. ಒಂದು ಕಡೆ ಗಂಡುಮಕ್ಕಳಿಗೆ, ಇನ್ನೊಂದು ಕಡೆ ಹೆಣ್ಣುಮಕ್ಕಳಿಗೆ ಚಾಪೆ ಹಾಸಬಹುದು. ಅಕ್ಕನ ಬಳಗದ ತಾಯಂದಿರು ಸರದಿಯ ಮೇಲೆ ಅನ್ನ ಸಾರು ಮಾಡಬಹುದು. ಇದಕ್ಕೆ ಹೊಸ ಕಟ್ಟಡ ಬೇಕಿಲ್ಲ, ದೊಡ್ಡ ನಿಧಿಯೂ ಬೇಕಿಲ್ಲ. ಬೀಗದ ಕೈ ಯಾರಲ್ಲಿದೆಯೋ ಅವರ ಮನಸ್ಸು ಬೇಕು.

ನಮ್ಮ ಮಗುವಿಗೆ ಕಾರ್ಕಳದ ಬೊಂಡ ಮಾರುವ ಮುದುಕಿ ಊಟವಾಯಿತೇ ಎಂದು ಕೇಳಿದರು. ಲಂಡನ್ನಿನ ದಾರಿಹೋಕರು ದಾರಿ ತೋರಿಸಿದರು. ಅವರ ಋಣವನ್ನು ನಾವು ಅಲ್ಲಿಗೆ ಹೋಗಿ ತೀರಿಸಲಾರೆವು. ನಮ್ಮ ಊರಿಗೆ ಒಬ್ಬನೇ, ಒಬ್ಬಳೇ ಬಂದ ಮಗುವನ್ನು ಅದೇ ಮಾತು ಕೇಳುವುದರಿಂದ ತೀರಿಸಬಹುದು. ಮುಂದಿನ ಸಮಾಜದ ಸಭೆಯಲ್ಲಿ ಈ ವಿಷಯವನ್ನು ಎತ್ತಿರೆಂದು ಓದುಗ ಬಂಧುಗಳಲ್ಲಿ ನಮ್ಮ ಅರಿಕೆ.

ಶರಣು ಶರಣಾರ್ಥಿ.